ತೆಗೆ ಎಂಬ ಬಟನ್

ನಮ್ಮ ಮನೆಯಲ್ಲಿ ಬೆಳಗಿನ ಚಹಾದ ಜೊತೆ ತಂತ್ರಜ್ಞಾನದ ಸುದ್ದಿ ಓದುವ ರೂಢಿ ಬಹಳ ವರ್ಷಗಳಿಂದ ಇದೆ. ಓದುತ್ತಿದ್ದವರು ನನ್ನ ಗಂಡ, ಬೈಯುತ್ತಿದ್ದವಳು ನಾನು. ಅವರು ಹೈದರಾಬಾದಿನ ಬಾಲಾನಗರದ ಒಂದು ಖಾಸಗಿ ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ ನಡೆಸಿ ನಿವೃತ್ತರಾದವರು. ನಾನು ಅಮೀರ್‌ಪೇಟೆಯ ತರಬೇತಿ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ಕಲಿಸುವವಳು. ಇಬ್ಬರೂ ರಾಯಚೂರು ಕಡೆಯವರು. ಬೀದಿಗಿಳಿದರೆ ತೆಲುಗು, ಅಂಗಡಿಯಲ್ಲಿ ಹಿಂದಿ, ಹೊಸ್ತಿಲು ದಾಟಿ ಒಳಗೆ ಬಂದರೆ ಮಾತ್ರ ನಮ್ಮ ಮಾತು.

ಈ ಸುದ್ದಿಗಳ ಮೇಲೆ ನನ್ನ ಸಿಟ್ಟು ಇವತ್ತಿನದಲ್ಲ. ಅವುಗಳಿಗೆ ಗೊತ್ತಿರುವುದು ಒಂದೇ ಕಾಲ, ಭವಿಷ್ಯತ್ಕಾಲ. ಯಂತ್ರ ವೈದ್ಯರ ಕೆಲಸ ಮಾಡಲಿದೆ. ಕಾರು ತಾನೇ ಓಡಲಿದೆ. ಕೀಬೋರ್ಡು ಮೂಲೆ ಸೇರಲಿದೆ. ಓಡಿತೇ, ಸೇರಿತೇ ಎಂದು ಮರುವರ್ಷ ಬಂದು ಹೇಳುವವರು ಯಾರೂ ಇಲ್ಲ. ನನ್ನ ಗಂಡ ಇವಕ್ಕೆ ‘ಲಿದೆ ಸುದ್ದಿ’ ಎಂದು ಹೆಸರಿಟ್ಟಿದ್ದರು.

“ಟೀಚರಮ್ಮ, ಇವತ್ತಿನ ಲಿದೆ ಕೇಳಿಲ್ಲೆ. ನಿನ್ನ ನೌಕರಿ ಹೋಗಲಿದೆಯಂತ.”

“ಹ್ವಾದ ವರ್ಷನೂ ಹೋಗಲಿದೆ ಅಂದಿದ್ರು. ಚಹಾ ಆರತೈತಿ, ಕುಡೀರಿ ಮೊದಲ.”

ಅವರು ಫೋನು ಕೆಳಗಿಟ್ಟು, ಚಹಾದ ಬಸಿ ಎತ್ತಿ, ಪ್ರತಿದಿನದ ತೀರ್ಪು ಕೊಡುತ್ತಿದ್ದರು: “ಇರಲಿ ಬಿಡು. ಅದರಾಗ ನಮಗೇನೈತಿ?”

ಸುದ್ದಿಗೆ ಹೆದರುವ ಕಾಲ ನನಗೂ ಇತ್ತು. ಅಮೀರ್‌ಪೇಟೆ ಆ ಹೆದರಿಕೆಯನ್ನು ಬಿಡಿಸಿತು. ನಮ್ಮ ಸಂಸ್ಥೆ ಇರುವುದು ಒಂದು ಜ್ಯೂಸ್ ಅಂಗಡಿಯ ಮೇಲಿನ ಮಹಡಿಯಲ್ಲಿ. ನಾನು ಸೇರಿದಾಗ ಮೆಟ್ಟಿಲ ಬಳಿಯ ಫ್ಲೆಕ್ಸಿನಲ್ಲಿ ವೆಬ್ ಡಿಸೈನ್ ಎಂದಿತ್ತು. ಆಮೇಲೆ ಕ್ಲೌಡ್ ಬಂತು, ಅದರ ಮೇಲೆ ಡೇಟಾ ಸೈನ್ಸ್ ಅಂಟಿಸಿದರು, ಈಗ ಎಐ. ಫ್ಲೆಕ್ಸ್ ಬದಲಾಯಿತೇ ಹೊರತು ಒಳಗಿನ ಕುರ್ಚಿಗಳಾಗಲಿ, ಕಿರುಗುಟ್ಟುವ ಫ್ಯಾನಾಗಲಿ, ನಾನಾಗಲಿ ಬದಲಾಗಲಿಲ್ಲ. ಹಾಸ್ಟೆಲಿನಲ್ಲಿ ಉಪ್ಪಿಟ್ಟು ತಿಂದು ಓಡಿ ಬರುವ ಹುಡುಗ ಹುಡುಗಿಯರಿಗೆ ಅಂದೂ ಇಂದೂ ನಾನು ಕಲಿಸುವುದು ಒಂದೇ: ಫೈಲ್ ಎಲ್ಲಿದೆ, ಯಾಕೆ ಅಲ್ಲಿದೆ, ಅಲ್ಲಿಂದ ಯಾರು ಎತ್ತಿದರು. ಇದಿಷ್ಟು ತಿಳಿದವರಿಗೆ ಯಾವ ಫ್ಲೆಕ್ಸಿನ ಕೆಳಗೂ ಅನ್ನ ಹುಟ್ಟುತ್ತದೆ ಎಂಬುದು ನನ್ನ ನಂಬಿಕೆ.

ಪಾಠಕ್ಕೆ ನಾನು ಬಳಸುವುದೆಲ್ಲ ಮುಕ್ತ ತಂತ್ರಾಂಶ, ಇಂಗ್ಲಿಷಿನಲ್ಲಿ ಫ್ರೀ ಸಾಫ್ಟ್‌ವೇರ್. ಮೊದಲ ದಿನವೇ ಯಾರಾದರೂ ಕೈ ಎತ್ತುತ್ತಾರೆ. “ಫ್ರೀ ಅಂಟೇ ಡಬ್ಬುಲು ಕಟ್ಟೇ ಪನಿ ಲೇದಾ ಮೇಡಂ?” ದುಡ್ಡು ಕಟ್ಟುವ ಕೆಲಸ ಇಲ್ಲವೇ ಎಂದು. ಪುಗಸಟ್ಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಮುಖಗಳು. ದುಡ್ಡಿನ ಮಾತಲ್ಲ ಇದು, ಮುಚ್ಚಳ ಬಿಚ್ಚಿ ಒಳಗೇನಿದೆ ನೋಡುವ, ಬೇಡವಾದದ್ದನ್ನು ತಿದ್ದುವ ಹಕ್ಕಿನ ಮಾತು ಎಂದು ನಾನು ಗಂಟಲು ಹರಿದುಕೊಳ್ಳುತ್ತೇನೆ. ಮನೆಯಲ್ಲಿ ಇದನ್ನೇ ಹೇಳಿದಾಗ ನನ್ನ ಗಂಡ, “ಅಂದ್ರ ಮುಚ್ಚಳಕ್ಕ ಬೆಸುಗಿ ಹಾಕಿದ ಮಷಿನ್ ತಗೋಬಾರದು ಅಂತೀ. ಹೌದಲ್ಲ? ಅದಕ್ಕ ಇಷ್ಟ್ಯಾಕ ಚೀರಾಕತ್ತಿ?” ಎಂದಿದ್ದರು. ಆ ಮೇಲೆ ತರಗತಿಯಲ್ಲಿ ನಾನು ಬೆಸುಗೆಯ ಮಾತನ್ನೇ ಹೇಳತೊಡಗಿದೆ.

ಹಾಗಂತ ಮುಕ್ತ ತಂತ್ರಾಂಶದವರೆಲ್ಲ ದೇವರಲ್ಲ. ಒಂದು ಐಕಾನಿನ ಬಣ್ಣಕ್ಕೆ ತಿಂಗಳುಗಟ್ಟಲೆ ಜಗಳವಾಡುತ್ತಾರೆ. ಕನ್ನಡ ಅನುವಾದ ಅರ್ಧಕ್ಕೆ ನಿಲ್ಲಿಸಿ ಹೋಗುತ್ತಾರೆ. ಬಿಟ್ಟಿ ದುಡಿಯುವವರನ್ನು ಬೈಯುವುದು ಪಾಪ ಎಂದುಕೊಂಡೇ ನಾನು ಅವರನ್ನು ಸಾಕಷ್ಟು ಬೈದಿದ್ದೇನೆ.

ನನ್ನ ಗಂಡ ನನ್ನನ್ನು ಟೀಚರಮ್ಮ ಎನ್ನುತ್ತಿದ್ದುದು ತಮಾಷೆಗೆ. ಉಳಿದ ಹೊತ್ತು ‘ಏ’, ‘ಕೇಳಿದೇನ’, ‘ಇಲ್ಲಿ ಬಾಯಿಲ್ಲೆ’. ಹೆಸರು ಹಿಡಿದು ಕರೆದದ್ದು ಒಮ್ಮೆಯೂ ಇಲ್ಲ. ನಮ್ಮ ಕಡೆ ಮದುವೆಯಾಗಿ ಮನೆ ತುಂಬುವಾಗ ಗಂಡಿನ ತಂಗಿಯರು ಬಾಗಿಲು ತಡೆಯುತ್ತಾರೆ. ಪ್ರಾಸದ ಸಾಲಿನ ಒಡಪು ಕಟ್ಟಿ ಒಬ್ಬರೊಬ್ಬರ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ನಾನು ತವರಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ಒಡಪಿನಲ್ಲಿ ಅವರ ಹೆಸರು ಸೇರಿಸಿ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರ ಸರದಿ ಬಂತು. ಬಾಸಿಂಗದ ಕೆಳಗೆ ಮುಖ ಕೆಂಪಗಾಯಿತು. ಹೆಸರೂ ಇಲ್ಲ, ಒಡಪೂ ಇಲ್ಲ. ಕಡೆಗೆ ತಂಗಿಯರ ಮೇಲೆ ರೇಗಿ, “ಬಾಗಿಲ ತೆಗಿ!” ಎಂದು ಗದರಿದರು. ಎಲ್ಲರೂ ಬಿದ್ದು ಬಿದ್ದು ನಕ್ಕು ದಾರಿ ಬಿಟ್ಟರು. ಹೆಸರು ಬಾಕಿಯಾಯಿತು ಎಂದು ಅವರ ತಂಗಿ ಬಹಳ ದಿನ ಕಾಡಿದಳು.

ಆ ‘ಬಾಗಿಲ ತೆಗಿ’ ಮಾತ್ರ ಅವರ ಜೊತೆ ಹೈದರಾಬಾದಿಗೂ ಬಂತು. ಬಾಲಾನಗರದ ನಮ್ಮ ಮನೆ ಎರಡನೇ ಮಹಡಿಯಲ್ಲಿ. ಕೆಲಸದಿಂದ ಬಂದವರು ಮೆಟ್ಟಿಲ ತಿರುವಿನಿಂದಲೇ ಕೂಗುತ್ತಿದ್ದರು. ಬಾಗಿಲಲ್ಲಿ ಕರೆಗಂಟೆ ಇದೆ, ಒತ್ತಿದವರಲ್ಲ. ಯಾಕೆ ಎಂದರೆ, “ಗಂಟಿ ಹೊಡಿಯಾಕ ನಾ ಏನ್ ಕೊರಿಯರಿನವನ?” ಎನ್ನುವರು. ಮೊದಮೊದಲು ಕೆಳಗಿನ ಮನೆಯ ತೆಲುಗಿನವರು ಗಾಬರಿಯಾಗಿದ್ದರು. ಅವರದೂ ‘ತಲುಪು ತಿಯ್ಯಿ’ ಅಲ್ಲವೇ, ಎರಡು ದಿನಕ್ಕೆ ಅರ್ಥವಾಯಿತು.

ಕಳೆದ ಚಳಿಗಾಲದಲ್ಲಿ ಆ ಕೂಗು ಒಡೆಯಿತು. ಗಂಟಲು ಕಟ್ಟಿದೆ ಎಂದು ಶುಂಠಿ, ಮೆಣಸು ಎಲ್ಲ ಆಯಿತು. ಇಳಿಯಲಿಲ್ಲ. ಬೇಗಂಪೇಟೆಯ ಆಸ್ಪತ್ರೆಯಲ್ಲಿ ಗಂಟಲಿನೊಳಗೆ ನಳಿಗೆ ಬಿಟ್ಟು ನೋಡಿದರು, ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವಕ್ಕೆ ಅಪಾಯವಿಲ್ಲ, ಉಸಿರಾಟ ಕತ್ತಿನಲ್ಲಿ ಮಾಡುವ ರಂಧ್ರದಿಂದ ಎಂದು ವೈದ್ಯರು ಚಿತ್ರ ಬರೆದು ತೋರಿಸಿದರು. ಮುಂದೆ ಒಂದು ಸಾಧನ ಹಾಕಿ ಮಾತು ಬರಿಸಬಹುದು, ಆದರೆ ಅದು ಬೇರೆಯೇ ದನಿ ಎಂದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಎರಡನ್ನೂ ಬಲ್ಲವರಾಗಿದ್ದರು ಇವರು.

ನಾನು ಆಸ್ಪತ್ರೆಯ ಹೊರಗೆ ಮೆಟ್ರೋ ಕಂಬದ ಕೆಳಗೆ ನಿಂತು ಅತ್ತೆ. ಅವರು ಒಡೆದ ದನಿಯಲ್ಲಿ, “ಅಳಬ್ಯಾಡ. ಲಿದೆ ಸುದ್ಯಾಗ ದನಿ ಮಾಡೋ ಮಷಿನ್ ಬಂದಾವಂತಲ್ಲ, ನೋಡೂಣು” ಎಂದರು.

ನೋಡಿದೆವು. ‘ಧ್ವನಿಗೆ ಇನ್ನು ಸಾವಿಲ್ಲ’ ಎಂಬ ಸುದ್ದಿಯನ್ನು ನನ್ನ ಸಹೋದ್ಯೋಗಿಯೊಬ್ಬರೇ ಕಳಿಸಿದ್ದರು. ಕೆಲವು ವಾಕ್ಯ ಓದಿಸಿಕೊಂಡರೆ ಸಾಕು, ಆಮೇಲೆ ಏನು ಟೈಪ್ ಮಾಡಿದರೂ ನಿಮ್ಮದೇ ದನಿಯಲ್ಲಿ ಯಂತ್ರ ಮಾತಾಡಲಿದೆ ಎಂದು ಅದರಲ್ಲಿತ್ತು. ಮತ್ತೆ ಲಿದೆ. ಆ ಕಂಪನಿಯ ಆ್ಯಪ್ ಹಾಕಿಕೊಂಡೆವು. ಕನ್ನಡ ‘ಶೀಘ್ರದಲ್ಲಿ ಬರಲಿದೆ’ ಎಂದಿತು. ಹಿಂದಿಯಲ್ಲಿ ಓದಿಸಿದೆವು. ಹೊರಗೆ ಬಂದ ದನಿ ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗಿತ್ತು. ಷರತ್ತುಗಳನ್ನು ನಾನು ಕೊನೆಯವರೆಗೆ ಓದಿದೆ. ಓದುವುದು ನನ್ನ ಕಸುಬು. ದನಿ ಅವರ ಯಂತ್ರದಲ್ಲಿ ಇರುತ್ತದೆ, ಅದನ್ನು ತಮ್ಮ ಉತ್ಪನ್ನ ಸುಧಾರಿಸಲು ಬಳಸುತ್ತಾರೆ, ಸೇವೆಯನ್ನು ಯಾವಾಗ ಬೇಕಾದರೂ ನಿಲ್ಲಿಸುತ್ತಾರೆ. ಗಂಡನ ದನಿಯನ್ನು ಬಾಡಿಗೆಗೆ ತರುವ ಗತಿ ನನಗೆ ಬಂದಿಲ್ಲ ಎಂದು ಆ ಆ್ಯಪನ್ನು ಕಿತ್ತೊಗೆದೆ. ಎಐ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮನುಷ್ಯನ ಕಷ್ಟದ ಹೊತ್ತಿಗೆ ಬಾಯಿ ಹಾಕುವವರು ‘ಲಿದೆ’ ಎನ್ನಬಾರದು, ‘ಇದೆ’ ಅಥವಾ ‘ಇಲ್ಲ’ ಎನ್ನಬೇಕು. ಅಷ್ಟೇ ನನ್ನ ತಕರಾರು.

ಕಡೆಗೆ ಸಿಕ್ಕಿದ್ದು ಒಂದು ಸಾದಾ ಮುಕ್ತ ತಂತ್ರಾಂಶ, ಮಾತು ಬಾರದವರಿಗಾಗಿ ಮಾಡಿದ್ದು. ಪರದೆಯ ತುಂಬ ಚೌಕಗಳು. ಒಂದೊಂದು ಚೌಕಕ್ಕೂ ಒಂದು ಚಿತ್ರ, ನಾವೇ ದನಿ ತುಂಬಿದ ಒಂದು ಮಾತು. ಒತ್ತಿದರೆ ಮಾತು ಕೇಳುತ್ತದೆ. ಇಂಟರ್ನೆಟ್ ಬೇಕಿಲ್ಲ, ಯಾರಿಗೂ ಏನೂ ಕಳಿಸುವುದಿಲ್ಲ. ಸ್ವಯಂಸೇವಕರು ಕನ್ನಡಕ್ಕೂ ತಂದಿದ್ದರು. ಗಂಡನ ಫೋನಿನಲ್ಲಿ ಹಾಕಿ, ಭಾಷೆ ಕನ್ನಡ ಎಂದು ಆರಿಸಿ ಕೊಟ್ಟೆ. ಆಗ ನನಗೆ ಹೆಮ್ಮೆಯೇ ಆಗಿತ್ತು.

ಶಸ್ತ್ರಚಿಕಿತ್ಸೆಗೆ ಮುಂಚೆ ಸಿಕ್ಕ ದಿನಗಳಲ್ಲಿ ಅವರು ಕೂತು ದನಿ ತುಂಬಿದರು. ‘ನೀರು ಬೇಕು’, ‘ನೋವಾಗುತ್ತಿದೆ’ ಇಂಥವನ್ನು ನಾನು ಬರೆದುಕೊಟ್ಟಿದ್ದೆ. ಅವನ್ನು ಬದಿಗಿಟ್ಟರು. “ನೀರ ಬೇಕಂದ್ರ ಕೈ ಮಾಡತೀನಿ. ಇದರಾಗ ಕೈಲೆ ಹೇಳಾಕ ಬರದಿದ್ದು ಇಡಬೇಕು.” ಹೀಗೆ ಸೇರಿದವು ‘ಉಪ್ಪ ಕಮ್ಮಿ ಆಗೇತಿ’, ‘ನೀ ಮೊದಲ ಉಣ್ಣು’, ‘ಅದರಾಗ ನಮಗೇನೈತಿ’. ಆಟೋದವರ ಜೊತೆ ಚೌಕಾಸಿಗೆ, “ಅರೇ ಭಾಯಿ, ಮೀಟರ್ ಹೈ ಯಾ ಮ್ಯೂಸಿಯಂ ಹೈ?” ಹೂಂಗುಟ್ಟುವುದರಲ್ಲೇ ಮೂರು ಬಗೆ: ಒಪ್ಪಿದೆ ಎನ್ನುವ ಹೂಂ, ಕೇಳುತ್ತಿದ್ದೇನೆ ಎನ್ನುವ ಹೂಂ, ನಿನ್ನ ಜೊತೆ ಯಾರು ಜಗಳ ಆಡಬೇಕು ಎನ್ನುವ ಹೂಂ. ನಾನು ಪ್ರತಿ ಸಂಜೆ ಅವನ್ನೆಲ್ಲ ನನ್ನ ಕಂಪ್ಯೂಟರಿಗೆ ನಕಲು ಮಾಡಿ ಇಡುತ್ತಿದ್ದೆ.

ಶಸ್ತ್ರಚಿಕಿತ್ಸೆ ಸರಿಯಾಯಿತು. ಮನೆಗೆ ಬಂದಾಗ ಕತ್ತಿನ ಮೇಲೆ ಬಟ್ಟೆಯ ಪರದೆ, ಕೈಯಲ್ಲಿ ಒಂದು ಪಾಟಿ, ಬಳಪ. ಬಂದ ಮರುದಿನ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಗಂಜಿ ಬಸಿಯುತ್ತಿದ್ದೆ. ಅವರು ಹಾಲಿನಲ್ಲಿ ಫೋನು ಹಿಡಿದು ಕೂತಿದ್ದರು. ಈಗ ಕೇಳುತ್ತದೆ, ಈಗ ಕೇಳುತ್ತದೆ ಎಂದು ಕಿವಿ ಅಲ್ಲೇ ಇಟ್ಟಿದ್ದೆ. ಏನೂ ಕೇಳಲಿಲ್ಲ. ಹೋಗಿ ನೋಡಿದರೆ ಪರದೆಯ ಮೇಲಿನ ಚೌಕಗಳೆಲ್ಲ ಖಾಲಿ.

ಆದದ್ದು ಇಷ್ಟು. ಧ್ವನಿಮುದ್ರಣ ಮುಗಿದ ಮೇಲೆ ಆ ಆ್ಯಪ್ ತಾನಾಗಿ ಮೊದಲ ಪುಟಕ್ಕೆ ಮರಳುವುದಿಲ್ಲ, ತಿದ್ದುವ ಪುಟದಲ್ಲೇ ನಿಂತಿರುತ್ತದೆ. ಅಲ್ಲಿ ಪ್ರತಿ ಚೌಕದ ಕೆಳಗೆ ಒಂದು ಪುಟ್ಟ ಡಬ್ಬಿಯ ಚಿತ್ರ, ಮುಚ್ಚಳ ಸ್ವಲ್ಪ ಓರೆಯಾಗಿ. ಪಕ್ಕದಲ್ಲಿ ಕನ್ನಡದಲ್ಲಿ ‘ತೆಗೆ’. ಅನುವಾದಿಸಿದವರ ಮನಸ್ಸಿನಲ್ಲಿ ಅದು ಕಸದ ಡಬ್ಬಿ, ತೆಗೆ ಎಂದರೆ ಇಲ್ಲವಾಗಿಸು. ಇವರು ಒಂದನ್ನು ಒತ್ತಿದರು. ‘ಖಚಿತವೇ?’ ಎಂದು ಕೇಳಿತು. ‘ಹೌದು’ ಒತ್ತಿದರು. ಮಾತು ಕೇಳಲಿಲ್ಲ. ಇದು ಕೆಟ್ಟಿರಬೇಕು, ಮುಂದಿನದು ನೋಡೋಣ ಎಂದು ಅದನ್ನೂ ಒತ್ತಿದರು. ಹಾಗೇ ಕೊನೆಯವರೆಗೆ.

“ಅದು ಕಸದ ಡಬ್ಬಿ ರೀ!” ಎಂದು ನಾನು ಚೀರಿದೆ.

ಅವರು ಪಾಟಿ ಎತ್ತಿಕೊಂಡು ನಿಧಾನವಾಗಿ ಬರೆದರು: ‘ಕಸದ್ದು ಅಂತ ಎಲ್ಲಿ ಬರದಾರ? ಡಬ್ಬಿ ಐತಿ. ತೆಗಿ ಅಂತ ಐತಿ. ತೆಗದೆ.’

ತಪ್ಪು ಅವರದಲ್ಲ. ನಮ್ಮ ಮನೆಯಲ್ಲಿ ಹುಟ್ಟಿದಂದಿನಿಂದ ಡಬ್ಬಿಯನ್ನು ತೆಗೆಯುವುದು ಒಳಗಿನದು ಬೇಕಾದಾಗ. ಅವಲಕ್ಕಿ ಡಬ್ಬಿ ತೆಗಿ, ಬೆಲ್ಲದ ಡಬ್ಬಿ ತೆಗಿ, ಬಾಗಿಲ ತೆಗಿ, ಕಣ್ಣ ತೆಗಿ. ಅವರ ದನಿ ಡಬ್ಬಿಯೊಳಗಿತ್ತು, ಡಬ್ಬಿಯೇ ತೆಗೆ ಎಂದಿತು.

ನಕಲುಗಳು ನನ್ನ ಹತ್ತಿರ ಇದ್ದವಲ್ಲ, ಸಂಜೆಯೊಳಗೆ ಎಲ್ಲ ಮರಳಿ ತುಂಬಿಕೊಟ್ಟೆ. ಅವರು ಚೌಕಗಳ ಮೇಲೆ ಬೆರಳಾಡಿಸುತ್ತ ಬಂದು ಕೊನೆಯ ಖಾಲಿ ಚೌಕದ ಹತ್ತಿರ ನಿಲ್ಲಿಸಿದರು. ಪಾಟಿಯ ಮೇಲೆ ‘ಇನ್ನೊಂದಿತ್ತು’ ಎಂದು ಬರೆದರು. ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ನಾನು ಔಷಧದ ಸಾಲಿನಲ್ಲಿ ನಿಂತಿದ್ದಾಗ ವಾರ್ಡಿನಲ್ಲಿ ಕೂತು ಮುದ್ರಿಸಿದ್ದರಂತೆ. ಅದರ ನಕಲು ಎಲ್ಲೂ ಇರಲಿಲ್ಲ. ನಾನು ಅದನ್ನು ಕೇಳಿಯೂ ಇರಲಿಲ್ಲ.

“ಏನಿತ್ತು? ಬರೀರಿ, ಓದತೀನಿ.”

‘ಬರದ್ರ ಬರಂಗಿಲ್ಲ,’ ಎಂದು ಬರೆದು ಅಂಗೈಯಿಂದ ಒರೆಸಿಬಿಟ್ಟರು.

ಆಮೇಲೆ ಅವರು ಆ ಆ್ಯಪನ್ನು ಮುಟ್ಟಲಿಲ್ಲ. ಫೋನು ಕಿಟಕಿಯ ಮೇಲೆ, ಪಾಟಿ ತೊಡೆಯ ಮೇಲೆ. ನಾನು ಲಿದೆ ಸುದ್ದಿ ಓದಿದರೂ ‘ಅದರಾಗ ನಮಗೇನೈತಿ’ ಒತ್ತುತ್ತಿರಲಿಲ್ಲ, ಕೈಯಾಡಿಸಿಬಿಡುತ್ತಿದ್ದರು. ಹೊರಗೆ ಹೋಗಿ ಬಂದರೆ ಬಾಗಿಲಲ್ಲಿ ಗಂಟೆ ಒತ್ತುತ್ತಿದ್ದರು. ಇವರ ಮನಸ್ಸು ಹೀಗೆ ಮುಚ್ಚಿಕೊಂಡರೆ ಮುಂದೆ ಹೇಗೆ ಎಂಬ ಭಯ ಕ್ಯಾನ್ಸರಿನ ಭಯಕ್ಕಿಂತ ದೊಡ್ಡದಾಯಿತು.

ಅಳಿಸಿದ ಫೈಲ್ ಮರಳಿ ತರುತ್ತೇವೆ ಎನ್ನುವ ಆ್ಯಪುಗಳನ್ನೆಲ್ಲ ಪ್ರಯತ್ನಿಸಿದೆ. ಜಾಹೀರಾತು ತೋರಿಸಿದವೇ ಹೊರತು ಏನೂ ತರಲಿಲ್ಲ. ಸುದ್ದಿ ಕಳಿಸಿದ್ದ ಆ ಸಹೋದ್ಯೋಗಿ, “ಒಮ್ಮೆ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ ಮೇಡಂ, ಎಲ್ಲ ಸರಿಯಾಗುತ್ತೆ” ಎಂದರು. ಗ್ರಾಹಕ ಸೇವೆಯವರ ಸರ್ವರೋಗದ ಮದ್ದು ಅದು. ಮಾಡಲು ಹೋದೆ, ನನ್ನ ಗಂಡ ಫೋನು ಕೊಡಲಿಲ್ಲ. ಇದ್ದದ್ದೂ ಹೋಗುವುದು ಬೇಡ ಎಂದು ಕೈ ಸನ್ನೆ ಮಾಡಿದರು. ಕೊಡದಿದ್ದದ್ದು ಎಷ್ಟು ಒಳ್ಳೆಯದಾಯಿತು ಎಂದು ಆಮೇಲೆ ತಿಳಿಯಿತು.

ಸಿಟ್ಟು ಎಲ್ಲಾದರೂ ಹೋಗಬೇಕಲ್ಲ. ಆ ತಂತ್ರಾಂಶದ ಚರ್ಚೆಯ ಪುಟದಲ್ಲಿ ಉದ್ದನೆಯ ದೂರು ಬರೆದೆ. ಮನೆಯಲ್ಲಿ ಕನ್ನಡ ಮಾತಾಡುವವರು ಯಾರಾದರೂ ಈ ಬಟನ್ನಿಗೆ ‘ತೆಗೆ’ ಎಂದು ಬರೆಯುತ್ತಾರೆಯೇ ಎಂದು ಕೇಳಿದೆ. ಕಂಪನಿಗೆ ಬರೆದಿದ್ದರೆ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಯಂತ್ರದ ಉತ್ತರ ಬರುತ್ತಿತ್ತು. ಇಲ್ಲಿ ಮನುಷ್ಯಳೇ ಬಂದಳು. ಆ ಪದ ಬರೆದದ್ದು ನಾನೇ, ಮೈಸೂರಿನವಳು, ಹೈದರಾಬಾದಿನಲ್ಲೇ ಐಟಿ ಕೆಲಸದಲ್ಲಿದ್ದೇನೆ, ನಿಮ್ಮನ್ನು ಕಂಡು ಕ್ಷಮೆ ಕೇಳಬೇಕು ಎಂದಿತ್ತು ಉತ್ತರ. ಹೊಲಿಗೆ ಹಾಕಿದ ಜಾಗ ತೋರಿಸಲು ನಾವು ಬೇಗಂಪೇಟೆಗೆ ಹೋಗುವ ದಿನವೇ ಬರಲು ಹೇಳಿದೆ.

ರೈಲ್ವೆ ಸ್ಟೇಷನ್ನಿನ ಹತ್ತಿರದ ಚಹಾದಂಗಡಿಯಲ್ಲಿ ಕೂತೆವು. ಬೈಯಬೇಕೆಂದೇ ಹೋಗಿದ್ದೆ. ಹುಡುಗಿ ನನ್ನ ಗಂಡನ ಕತ್ತಿನ ಬಟ್ಟೆ ನೋಡಿ ಕಣ್ಣು ತುಂಬಿಕೊಂಡಳು. ನಾನು ಬೈಯುವುದು ಬಿಟ್ಟು ಅವಳಿಗೂ ಒಂದು ಚಹಾ ಹೇಳಿದೆ.

“ಮೊದ್ಲು ‘ತೆಗೆದುಹಾಕು’ ಅಂತಾನೇ ಹಾಕಿದ್ದೆ ಮೇಡಂ. ಬಟನ್ ಚಿಕ್ಕದು, ಅಕ್ಷರ ಹೊರಗೆ ಹೋಗ್ತಿತ್ತು. ಅದಕ್ಕೆ ‘ತೆಗೆ’ ಅಂತ ಮಾಡಿದೆ. ಇಂಗ್ಲಿಷ್ ಪದಕ್ಕೆ ಅಳತೆ ಮಾಡಿರೋ ಬಟನ್ನು, ನಮ್ಮ ಪದಕ್ಕೆ ಜಾಗಾನೇ ಇರ್ಲಿಲ್ಲ.”

ಇದೊಂದು ನಿಜವಾದ ಸುದ್ದಿ, ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಜಗತ್ತು ಬದಲಿಸಲಿರುವ ಯಂತ್ರಗಳ ನಡುವೆ, ಒಂದು ಭಾಷೆಗೆ ಬಟನ್ನಿನ ಮೇಲೆ ಐದು ಅಕ್ಷರದ ಜಾಗವಿಲ್ಲ.

“‘ಅಳಿಸು’ ಅಂತ ಮಾಡಿಬಿಡ್ಲಾ?” ಎಂದಳು.

ನನ್ನ ಗಂಡ ಪಾಟಿಯ ಮೇಲೆ ಬರೆದರು: ‘ಬ್ಯಾಡ. ಕನ್ನಡಕ ಇಲ್ಲಾಂದ್ರ ಉಳಿಸು ಅನ್ನೂದೂ ಹಂಗ ಕಾಣತೈತಿ.’ ಒರೆಸಿ ಮತ್ತೆ ಬರೆದರು: ‘ಒಗಿ ಅಂತ ಹಾಕು.’

ಹುಡುಗಿ ಪಾಟಿಯನ್ನು ಎರಡು ಸಲ ಓದಿದಳು. “ಒಗೆ ಅಂದ್ರೆ... ಬಟ್ಟೆ ಒಗೆಯೋದಲ್ವಾ ಅಂಕಲ್? ನಮ್ಮಮ್ಮ ಇದನ್ನ ನೋಡಿದ್ರೆ ದನೀನ ಸೋಪು ಹಾಕಿ ಒಗೀಬೇಕೇನೋ ಅಂದ್ಕೋತಾರೆ.”

ನಮ್ಮ ಕಡೆ ಒಗಿ ಎಂದರೆ ಬಿಸಾಡು ಎಂದು ನಾನು ವಿವರಿಸಿದೆ. ನನ್ನ ಗಂಡನ ಭುಜ ಅಲುಗುತ್ತಿತ್ತು. ಸದ್ದಿಲ್ಲದೆ ನಗುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. ‘ತೆಗೆದುಹಾಕು’ ಎಂದೇ ಇರಲಿ, ಬಟನ್ನನ್ನೇ ದೊಡ್ಡದು ಮಾಡುವಂತೆ ಕೇಳೋಣ, ಡಬ್ಬಿಯ ಚಿತ್ರದ ಬದಲು ಅಡ್ಡಗೀಟು ಹಾಕಿಸೋಣ ಎಂದು ತೀರ್ಮಾನವಾಯಿತು. ಮುಂದಿನ ಆವೃತ್ತಿಯಲ್ಲಿ ಮೂರೂ ಆದವು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಲಿದೆ ಅಲ್ಲ, ಆಗಿದೆ.

ಎದ್ದು ಹೊರಡುವಾಗ ಹುಡುಗಿ ಏನೋ ನೆನಪಾದವಳಂತೆ ನಿಂತಳು. “ಮೇಡಂ, ಅನುವಾದ ಮಾಡೋವಾಗ ಒಂದು ಸಾಲು ಬಂದಿತ್ತು. ‘ತೆಗೆದ ಧ್ವನಿಗಳನ್ನು ಮರಳಿಸು’ ಅಂತ ಕನ್ನಡ ಮಾಡಿದ್ದೆ. ಆದ್ರೆ ಆ ಬಟನ್ನು ಆ್ಯಪಲ್ಲಿ ಎಲ್ಲೂ ಕಾಣಿಸ್ಲೇ ಇಲ್ಲ. ಅದು ಯಾಕಿತ್ತು ಅಂತ ನಂಗೆ ಗೊತ್ತಾಗ್ಲಿಲ್ಲ.”

ನಾನು ಮತ್ತೆ ಕೂತೆ. ಮರಳಿಸುವ ಬಟನ್ ಮಾಡಬೇಕೆಂದು ಯಾರೋ ಹೊರಟಿದ್ದಾರೆ. ಮರಳಿಸಬೇಕಾದರೆ ತೆಗೆದದ್ದನ್ನು ಎಲ್ಲೋ ಇಟ್ಟಿರಬೇಕಲ್ಲ.

ಮನೆಗೆ ಬಂದವಳೇ ಆ ತಂತ್ರಾಂಶದ ಮೂಲ ಸಂಕೇತ, ಅಂದರೆ ಸೋರ್ಸ್ ಕೋಡ್, ಇಳಿಸಿಕೊಂಡೆ. ಯಾರ ಅಪ್ಪಣೆಯೂ ಬೇಕಾಗಲಿಲ್ಲ, ಮುಚ್ಚಳಕ್ಕೆ ಬೆಸುಗೆ ಇರಲಿಲ್ಲ. ‘ತೆಗೆ’ ಒತ್ತಿದಾಗ ಏನಾಗುತ್ತದೆ ಎಂಬ ಭಾಗ ಹುಡುಕಿ ಓದಿದೆ. ಅದು ದನಿಯನ್ನು ಅಳಿಸುತ್ತಿರಲಿಲ್ಲ. ಚೌಕದಿಂದ ಎತ್ತಿ ಬೇರೆ ಫೋಲ್ಡರಿನಲ್ಲಿ ಇಡುತ್ತಿತ್ತು. ಅದರ ಕೆಳಗೆ ಬರೆದವರು ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ ಬಿಟ್ಟಿದ್ದರು: ಇವನ್ನು ಆಮೇಲೆ ಗುಡಿಸಬೇಕು, ಅದಕ್ಕೂ ಮೊದಲು ಮರಳಿಸುವ ಪುಟ ಮಾಡಬೇಕು. ಎರಡನ್ನೂ ಮಾಡಿರಲಿಲ್ಲ. ಎಲ್ಲಿಯವರೋ, ಯಾರೋ, ಕೆಲಸ ಅರ್ಧಕ್ಕೆ ಬಿಟ್ಟು ಎದ್ದು ಹೋದ ಪುಣ್ಯಾತ್ಮರು. ಅರ್ಧಕ್ಕೆ ಬಿಡುವವರನ್ನು ಇಷ್ಟು ವರ್ಷ ಬೈದಿದ್ದೆನಲ್ಲ, ಅವತ್ತು ಕೈ ಮುಗಿದೆ. ಅನ್‌ಇನ್‌ಸ್ಟಾಲ್ ಮಾಡಿದ್ದರೆ ಆ ಫೋಲ್ಡರೂ ಹೋಗುತ್ತಿತ್ತು. ನಮ್ಮ ಕಡೆ ಹಬ್ಬದ ಹೋಳಿಗೆಯನ್ನು ತಡವಾಗಿ ಬರುವವರಿಗೆ ‘ತೆಗೆದಿಟ್ಟೀನಿ’ ಎನ್ನುತ್ತೇವೆ. ಆ ತಂತ್ರಾಂಶ ಮಾಡಿದ್ದೂ ಅದನ್ನೇ. ಬಟನ್ನಿನ ಮೇಲಿದ್ದ ಪದಕ್ಕಿಂತ ಒಳಗಿದ್ದ ಕೆಲಸವೇ ನಮ್ಮ ಭಾಷೆಗೆ ಹತ್ತಿರವಿತ್ತು.

ನನ್ನ ಗಂಡ ಈ ಸಲ ಫೋನು ಕೊಟ್ಟರು. ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿದೆ. ಫೋಲ್ಡರ್ ಅಲ್ಲೇ ಇತ್ತು. ಅವರು ತೆಗೆದ ದನಿಗಳೆಲ್ಲ ಒಂದರ ಕೆಳಗೊಂದು ಸಾಲಾಗಿ ಬಿದ್ದಿದ್ದವು. ಶಸ್ತ್ರಚಿಕಿತ್ಸೆಯ ದಿನದ ತಾರೀಖು ಇದ್ದದ್ದು ಒಂದೇ. ಅದನ್ನು ಖಾಲಿ ಚೌಕಕ್ಕೆ ಸೇರಿಸಿ, ಸರಿಯಾಗಿದೆಯೇ ಎಂದು ಕೇಳಲು ಒತ್ತುವುದರಲ್ಲಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದರು. ಬೇಡ ಎಂದು ತಲೆಯಾಡಿಸಿ ಫೋನು ತೆಗೆದುಕೊಂಡರು. ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಚಿಲಕ ತಾನಾಗಿ ಬಿತ್ತು.

ನಾನು ಕಂಪ್ಯೂಟರಿನ ಮುಂದೆ ಕೂತೇ ಇದ್ದೆ. ಮೆಟ್ಟಿಲ ತಿರುವಿನ ತನಕ ಇಳಿದ ಹೆಜ್ಜೆ ಕೇಳಿತು. ಆಮೇಲೆ ಫೋನಿನಿಂದ ಆಸ್ಪತ್ರೆಯ ಗದ್ದಲ, ಯಾರೋ ನರ್ಸ್ ತೆಲುಗಿನಲ್ಲಿ ಕರೆಯುವುದು, ಒಂದು ಕೆಮ್ಮು. ಅದರ ಹಿಂದೆ ಅವರ ದನಿ, ಒಡೆದದ್ದು, ಆದರೆ ಅವರದೇ. ಮೊದಲು ನನ್ನ ಹೆಸರು. ಬಾಗಿಲಲ್ಲಿ ತಂಗಿಯರು ಎಷ್ಟು ಕಾಡಿದರೂ ಬಾರದಿದ್ದ ಹೆಸರು, ಪೂರ್ತಿಯಾಗಿ, ಹಾಜರಿ ಕೂಗಿದಷ್ಟು ಸ್ಪಷ್ಟವಾಗಿ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಬರುವುದಿಲ್ಲ. ಹೆಸರಿನ ಹಿಂದೆಯೇ, “ಬಾಗಿಲ ತೆಗಿ.”

ನಾನು ಎದ್ದು ಹೋಗಿ ಬಾಗಿಲು ತೆಗೆದೆ.